ಜರ್ಮನಿಗೆ ಹೊರಡುವ ಮೊದಲು ಕೈ ಕಟ್ಟಿ ಕೂರಲು ಕಲಿಯಿರಿ

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನವಳು, 23 ವರ್ಷ. ಶಂಕರಘಟ್ಟದಲ್ಲಿ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದ್ದೇನೆ. 17 ವರ್ಷದ ತಮ್ಮನಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಮೆದುಳಿನ ತೊಂದರೆಯಿಂದ ಕೈಕಾಲು ಸರಿಯಾಗಿ ಹಿಡಿತಕ್ಕೆ ಸಿಗುವುದಿಲ್ಲ. ಅವನ ಸ್ನಾನ, ಊಟ, ಬಟ್ಟೆ ಎಲ್ಲದರಲ್ಲೂ ಅಮ್ಮನ ಜೊತೆ ನಾನೂ ಇದ್ದೇನೆ. ಜರ್ಮನಿಯಲ್ಲಿ ವಿಕಲಚೇತನರ ಸಮುದಾಯ ಕೇಂದ್ರವೊಂದರಲ್ಲಿ ಒಂದು ವರ್ಷ ಸ್ವಯಂಸೇವಕಿಯಾಗಿ ಇರಬಹುದು, ಊಟ ವಸತಿ ಅವರದ್ದೇ ಎಂದು ಏಜೆಂಟ್ ಒಬ್ಬರು ಹೇಳುತ್ತಿದ್ದಾರೆ. ಅವರಿಗೆ ಎರಡೂವರೆ ಲಕ್ಷ ಕೊಡಬೇಕಂತೆ. ಅಡಕೆ ಮಾರಿದ ದುಡ್ಡಲ್ಲಿ ಕೊಡುತ್ತೇನೆ ಎಂದು ಅಪ್ಪಯ್ಯ ಒಪ್ಪಿದ್ದಾರೆ. ಅಮ್ಮ ಮಾತ್ರ "ಮನೇಲಿರೋ ತಮ್ಮನ್ನ ಬಿಟ್ಟು ಯಾರದೋ ಮನೆಯವರ ಚಾಕರಿಗೆ ಅಷ್ಟು ದೂರ ಹೋಗ್ತೀಯನೇ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಹೋಗುವುದು ಸರಿಯೇ? ಏಜೆಂಟರ ಮಾತು ನಂಬಬಹುದೇ? ಏನು ಕಲಿತು ಹೋಗಬೇಕು?

ಉತ್ತರ: ಹೋಗಿ. ಈ ಏಜೆಂಟರ ಮೂಲಕ ಬೇಡ, ಇದೇ ವರ್ಷ ಆಗಬೇಕೆಂಬ ಅವಸರವೂ ಬೇಡ. ಆದರೆ ಹೋಗಿ. ಅದಕ್ಕೆ ಮೊದಲು ನಿಮ್ಮ ಮನೆಯಲ್ಲೇ ಕಲಿಯಬೇಕಾದ ಒಂದು ಪಾಠವಿದೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು "ಸ್ನಾನ, ಊಟ, ಬಟ್ಟೆ ಎಲ್ಲದರಲ್ಲೂ" ಎಂಬಲ್ಲಿ. ಅಲ್ಲಿಂದಲೇ ಶುರು ಮಾಡುತ್ತೇನೆ.

ಫಿಜಿಯೋಥೆರಪಿ ಓದು ಮುಗಿಸಿ, ನಾಲ್ಕೈದು ವರ್ಷ ಸಾಗರ, ಹೊಸನಗರದ ಹಳ್ಳಿಗಳನ್ನು ತಿರುಗಿ, 2004ರಲ್ಲಿ ಸ್ಕಾಟ್ಲೆಂಡಿನ ಇಂಥದ್ದೇ ಒಂದು ಸಮುದಾಯಕ್ಕೆ ಒಂದು ವರ್ಷದ ಮಟ್ಟಿಗೆ ಹೋಗಿದ್ದೆ. ಕೆಲಸ ಬಲ್ಲೆ ಎಂಬ ಧೈರ್ಯ ನನಗಿತ್ತು. ನಾನಿದ್ದ ಮನೆಯಲ್ಲಿ ಐವತ್ತು ದಾಟಿದವರೊಬ್ಬರಿದ್ದರು, ಅವರ ಎಡಗೈ ಪೂರ್ತಿ ಸೆಟೆದುಕೊಂಡಿತ್ತು. ಒಂದು ಬೆಳಗ್ಗೆ ಅವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಮೂರನೆಯ ಗುಂಡಿಗೆ ಬರುವಷ್ಟರಲ್ಲಿ ಹತ್ತು ನಿಮಿಷ ಕಳೆದಿತ್ತು, ತಿಂಡಿಯ ಗಂಟೆಯೂ ಬಾರಿಸಿತು. ನಾನು ಮುಂದೆ ಹೋಗಿ ಉಳಿದ ನಾಲ್ಕನ್ನೂ ಸರಸರನೆ ಹಾಕಿಬಿಟ್ಟೆ. ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಏಳೂ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಮತ್ತೆ ಮೊದಲಿಂದ ಹಾಕತೊಡಗಿದರು. ನಾವಿಬ್ಬರೂ ಊಟದ ಕೋಣೆಗೆ ಹೋದಾಗ ಉಳಿದವರು ತಟ್ಟೆ ತೊಳೆಯುತ್ತಿದ್ದರು.

ಅವರಿಗೆ ಆ ಗುಂಡಿಗಳು ದಿನದ ಮೊದಲ ಸ್ವಂತ ಕೆಲಸ. ನನಗೆ ಅವು ತಡವಾಗುತ್ತಿದ್ದ ತಿಂಡಿ. ಇಪ್ಪತ್ತು ವರ್ಷದ ಮೇಲೂ ಆ ನೋಟ ನನಗೆ ಮರೆತಿಲ್ಲ.

ನಮ್ಮ ಕಡೆ ಅಕ್ಕರೆ ಕೈಯಲ್ಲಿರುತ್ತದೆ. ಅನ್ನ ಕಲೆಸಿ ತುತ್ತು ಇಡುತ್ತೇವೆ, ಹಂಡೆಯಿಂದ ಬಿಸಿನೀರು ತೋಡಿ ಮೈ ಉಜ್ಜುತ್ತೇವೆ, ಮಗು ಬಾಯಿ ತೆರೆಯುವ ಮೊದಲೇ ಅದಕ್ಕೆ ಏನು ಬೇಕೆಂದು ನಮಗೆ ತಿಳಿದಿರುತ್ತದೆ. ಇದು ತಪ್ಪೆಂದು ನಾನು ಹೇಳಲಾರೆ, ಎಷ್ಟೋ ಮಕ್ಕಳು ಬದುಕಿ ಉಳಿದದ್ದೇ ಆ ಕೈಗಳಿಂದ. ಆದರೆ 17 ವರ್ಷದ ಹುಡುಗ ಮಗುವಲ್ಲ. ನಾಳೆ ಬೆಳಗ್ಗೆ ಹೀಗೆ ಮಾಡಿ ನೋಡಿ. ಎರಡು ಹಿಡಿ ಇರುವ ಲೋಟದಲ್ಲಿ ಅರ್ಧದಷ್ಟೇ ಕಾಫಿ ಹಾಕಿ, ಬಿಸಿ ಆರಿರಲಿ. ಲೋಟ ಜಾರದಂತೆ ಅಡಿಗೆ ಒದ್ದೆ ಬಟ್ಟೆ ಹಾಸಿ. ಅವನ ಪಾದ ನೆಲಕ್ಕೋ ಮಣೆಗೋ ಊರಿರಲಿ, ಬೆನ್ನಿಗೆ ಆಸರೆ ಇರಲಿ, ಏಕೆಂದರೆ ಸೊಂಟ ಭದ್ರವಾಗಿ ಕೂತರೆ ಮಾತ್ರ ಕೈಗೆ ಹಿಡಿತ ಬರುತ್ತದೆ. ಆಮೇಲೆ ನೀವು ಎದುರಿಗೆ ಕೈ ಕಟ್ಟಿ ಕೂರಿ. ಚೆಲ್ಲಲಿ, ಇಪ್ಪತ್ತು ನಿಮಿಷವಾಗಲಿ, ಅಮ್ಮ ಒಳಗಿಂದ ಗದರಲಿ. ಕೆಮ್ಮು ಬಂದರೆ, ಉಸಿರು ಕಟ್ಟಿದಂತೆ ಕಂಡರೆ ಮಾತ್ರ ಎದ್ದು ಹೋಗಿ. ಹದಿನೈದು ದಿನ ಹೀಗೆ ಕೂರಲು ನಿಮಗೆ ಸಾಧ್ಯವಾದರೆ ಆ ಕೇಂದ್ರದಲ್ಲಿ ಮಾಡಬೇಕಾದ ಕೆಲಸದ ಅರ್ಧವನ್ನು ನೀವು ಕಲಿತ ಹಾಗೆ.

ಅಲ್ಲಿನ ಸಮುದಾಯ ಕೇಂದ್ರವೆಂದರೆ ಆಸ್ಪತ್ರೆಯಲ್ಲ, ನಮ್ಮ ಕಡೆಯ ವಿಶೇಷ ಶಾಲೆಯಂಥದ್ದೂ ಅಲ್ಲ. ಕೆಲವು ಕಡೆ ಆರೇಳು ಜನ ವಿಕಲಚೇತನರು ಮತ್ತು ಮೂರ್ನಾಲ್ಕು ಸಹಾಯಕರು ಒಂದೇ ಮನೆಯಲ್ಲಿ ವಾಸಿಸುತ್ತಾರೆ. ಕೆಲವು ಹಗಲಿನ ಕೇಂದ್ರಗಳು, ಬೆಳಗ್ಗೆ ಬಂದು ಸಂಜೆ ಹೋಗುವುದು. ಮರಗೆಲಸ, ನೇಯ್ಗೆ, ಬೇಕರಿ, ತೋಟದ ಕೆಲಸವಿರುವ ಕಾರ್ಯಾಗಾರಗಳೂ ಉಂಟು. ನಿಮ್ಮ ಪಾಲಿಗೆ ಬರುವುದು ಬೆಳಗ್ಗೆ ಎಬ್ಬಿಸುವುದು, ಶೌಚ ಸ್ನಾನಕ್ಕೆ ನೆರವಾಗುವುದು, ಒಟ್ಟಿಗೆ ಅಡುಗೆ ಮಾಡುವುದು, ಬಸ್ಸಿನಲ್ಲಿ ಜೊತೆ ಹೋಗುವುದು, ಅಂಗಡಿಯಲ್ಲಿ ದುಡ್ಡು ಎಣಿಸುವಾಗ ಪಕ್ಕದಲ್ಲಿ ನಿಲ್ಲುವುದು, ಸಂಜೆ ಇಸ್ಪೀಟು ಆಡುವುದು. ಎಂ.ಎಸ್.ಡಬ್ಲ್ಯೂ.ದಲ್ಲಿ ಓದಿದ ಸಿದ್ಧಾಂತಗಳಿಗೆ ಮೊದಲ ಆರು ತಿಂಗಳು ಅಲ್ಲಿ ಕೆಲಸವಿರುವುದಿಲ್ಲ. ಅದರಿಂದ ಬೇಸರ ಪಡಬೇಡಿ.

ಹೋಗುವ ದೇಶದ ಇತಿಹಾಸವನ್ನೂ ತಿಳಿದಿರಿ, ಅಲ್ಲಿನವರ ಮನಸ್ಸು ಅರ್ಥವಾಗಲು ಅದು ಬೇಕು. ನಾತ್ಸಿ ಆಡಳಿತ 1940 ಮತ್ತು 1941ರಲ್ಲಿ ತನ್ನದೇ ದೇಶದ 70,000ಕ್ಕೂ ಹೆಚ್ಚು ವಿಕಲಚೇತನರನ್ನೂ ಮಾನಸಿಕ ಕಾಯಿಲೆಯವರನ್ನೂ ಆರು ಕೇಂದ್ರಗಳಲ್ಲಿ ವಿಷಾನಿಲದಿಂದ ಕೊಂದಿತು. ಗ್ರಾಫೆನೆಕ್, ಹಾಡಮಾರ್ ಆ ಪೈಕಿ ಎರಡು. ಯೋಜನೆಯನ್ನು ನಡೆಸಿದ ಬರ್ಲಿನ್ ಕಚೇರಿ ಇದ್ದ ಜಾಗದಲ್ಲಿ 2014ರಲ್ಲಿ ಸ್ಮಾರಕ ಬಂತು. ರಜೆಯಲ್ಲಿ ಬರ್ಲಿನ್‌ಗೆ ಹೋದರೆ ಮೊದಲು ಅಲ್ಲಿಗೆ ಹೋಗಿ. ಯುದ್ಧ ಮುಗಿದು 13 ವರ್ಷಕ್ಕೆ, 1958ರಲ್ಲಿ, ಮಾರ್ಬುರ್ಗ್ ಎಂಬ ಊರಿನಲ್ಲಿ ತಂದೆ ತಾಯಿಯರು ಸೇರಿ ಲೇಬೆನ್ಸ್‌ಹಿಲ್ಫೆ ಎಂಬ ಸಂಘ ಕಟ್ಟಿದರು. ಬುದ್ಧಿಮಾಂದ್ಯರೆಂದು ಕರೆಸಿಕೊಂಡವರಿಗೆ ಶಾಲೆ, ಕೆಲಸ, ಮನೆ ಕೊಡಿಸಲು ಹೊರಟ ಆ ಸಂಘ ಇಂದು ದೇಶದ ತುಂಬ ಇದೆ. ಇನ್ನೊಂದು ಹೆಸರು ಕ್ಯಾಂಪ್‌ಹಿಲ್. ಯಹೂದಿ ಮೂಲದ ಮಕ್ಕಳ ವೈದ್ಯ ಕಾರ್ಲ್ ಕೋನಿಗ್ 1938ರಲ್ಲಿ ವಿಯೆನ್ನಾ ಬಿಟ್ಟು ಓಡಿಬಂದರು. 1940ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಹತ್ತಿರ ಅವರೂ ಅವರ ಸಂಗಡಿಗರೂ ಶುರು ಮಾಡಿದ ಬದುಕು ಅದು. ಮನೆ ಕಳೆದುಕೊಂಡವರು, ಯಾರಿಗೂ ಬೇಡವಾದ ಮಕ್ಕಳ ಜೊತೆ ಮನೆ ಮಾಡಿದರು. ಒಂದೇ ಸೂರು, ಒಂದೇ ಮೇಜು ಎಂಬ ಅಲ್ಲಿನ ಪಟ್ಟು ಎಲ್ಲಿಂದ ಬಂತೆಂದು ಇದರಿಂದ ನಿಮಗೆ ತಿಳಿಯುತ್ತದೆ.

ಅಷ್ಟು ಮಾತ್ರಕ್ಕೆ ಅಲ್ಲಿ ಎಲ್ಲವೂ ಸರಿಯಿದೆ ಎಂದುಕೊಳ್ಳಬೇಡಿ. ಜರ್ಮನಿಯ ಕಾರ್ಯಾಗಾರಗಳಲ್ಲಿ ದುಡಿಯುವ ವಿಕಲಚೇತನರಿಗೆ ಸಿಗುವ ಸಂಬಳ ತೀರಾ ಕಡಿಮೆ, ಅವರನ್ನು ಸಮಾಜದಿಂದ ಬೇರೆಯಾಗಿ ಇಡುವ ಈ ಪದ್ಧತಿಯನ್ನು ವಿಶ್ವಸಂಸ್ಥೆಯ ಸಮಿತಿಯೂ ಟೀಕಿಸಿದೆ. ವಿಕಲಚೇತನರೂ ಉಳಿದವರೂ ಒಂದೇ ಮನೆಯಲ್ಲಿ ಬಾಳುವ, ಫ್ರಾನ್ಸಿನಲ್ಲಿ 1964ರಲ್ಲಿ ಹುಟ್ಟಿದ ಲಾರ್ಶ್ ಚಳವಳಿಗೆ ಬೆಂಗಳೂರಿನಲ್ಲೂ 1970ರಿಂದ ಆಶಾ ನಿಕೇತನವಿದೆ. ಬಹಳ ದೊಡ್ಡ ಹೆಸರು. ಆದರೆ ಅದರ ಸ್ಥಾಪಕ ಜೀನ್ ವಾನಿಯೇ ಕನಿಷ್ಠ ಆರು ಮಹಿಳೆಯರನ್ನು ಲೈಂಗಿಕವಾಗಿ ದುರುಪಯೋಗಪಡಿಸಿಕೊಂಡಿದ್ದರು ಎಂದು ಆ ಸಂಸ್ಥೆಯೇ ಮಾಡಿಸಿದ ತನಿಖೆ 2020ರಲ್ಲಿ ಹೇಳಿತು. ಹೆಸರು ಕೆಡಿಸಲು ಇದನ್ನು ಬರೆಯುತ್ತಿಲ್ಲ, ತಾವಾಗಿ ತನಿಖೆ ಮಾಡಿಸಿ ಬಯಲಿಗಿಟ್ಟದ್ದಕ್ಕೆ ನನಗೆ ಗೌರವವಿದೆ. ನೀವು ಒಂಟಿಯಾಗಿ ಹೊರಟಿರುವ ಹೆಣ್ಣುಮಗಳು. ಎಷ್ಟೇ ಸಾಧುಸಂತರ ಜಾಗವೆಂದು ಹೇಳಿದರೂ "ನನಗಾಗಲಿ ಇಲ್ಲಿರುವವರಿಗಾಗಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ದೂರು ಯಾರಿಗೆ ಕೊಡಬೇಕು? ಆ ವ್ಯಕ್ತಿ ಕೇಂದ್ರದ ಹೊರಗಿನವರೇ?" ಎಂದು ಹೊರಡುವ ಮೊದಲೇ ಕೇಳಿ. ಒಳ್ಳೆಯ ಕೇಂದ್ರ ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ, ಹೆಸರು ಮತ್ತು ಫೋನ್ ನಂಬರ್ ಕೊಡುತ್ತದೆ.

ಈಗ ಏಜೆಂಟರ ವಿಷಯ. ಅವರು ಹೇಳುತ್ತಿರುವುದು ಬಹುಶಃ ಜರ್ಮನಿಯ ಎರಡು ಸರ್ಕಾರಿ ವ್ಯವಸ್ಥೆಗಳಲ್ಲೊಂದು. ಎಫ್‌ಎಸ್‌ಜೆ ಎಂಬ ಸ್ವಯಂಸೇವಾ ಸಾಮಾಜಿಕ ವರ್ಷ 27 ವಯಸ್ಸಿನೊಳಗಿನವರಿಗೆ. ಬಿಎಫ್‌ಡಿ ಎಂಬ ಇನ್ನೊಂದು 2011ರಲ್ಲಿ, ಕಡ್ಡಾಯ ಸೈನಿಕ ಸೇವೆ ನಿಂತಾಗ ಬಂತು. ಅದಕ್ಕೆ ವಯಸ್ಸಿನ ಮೇಲ್ಮಿತಿ ಇಲ್ಲ. ಎರಡೂ ಸಾಮಾನ್ಯವಾಗಿ 12 ತಿಂಗಳು. 6 ತಿಂಗಳಿಗಿಂತ ಕಡಿಮೆ ಇರುವುದಿಲ್ಲ, 18ರವರೆಗೆ ಹೋಗಬಹುದು. ಕೈಖರ್ಚಿಗೆ ತಿಂಗಳಿಗಿಷ್ಟು ಹಣ ಕೊಡುತ್ತಾರೆ. ಆರೋಗ್ಯ ವಿಮೆ, ಅಪಘಾತ ವಿಮೆಯ ಕಂತು ಕೇಂದ್ರದವರೇ ಕಟ್ಟುತ್ತಾರೆ. ವರ್ಷದ ಸೇವೆಯಲ್ಲಿ 25 ದಿನ ತರಬೇತಿ ಶಿಬಿರಗಳಿರುತ್ತವೆ. ವಸತಿ ಎಲ್ಲ ಕಡೆಯೂ ಇಲ್ಲ, ಅದನ್ನು ಪತ್ರದಲ್ಲಿ ಬರೆಸಿಕೊಳ್ಳಿ. ಬಿಎಫ್‌ಡಿಯಾದರೆ ಒಪ್ಪಂದಕ್ಕೆ ಜರ್ಮನಿಯ ಕೇಂದ್ರ ಸರ್ಕಾರದ ಕಚೇರಿಯ ಸಹಿ ಇರಲೇಬೇಕು. ಕೇಂದ್ರಗಳಿಗೆ ನೇರವಾಗಿ ಅರ್ಜಿ ಹಾಕಲು ಬರುತ್ತದೆ, ಅದಕ್ಕೆ ಶುಲ್ಕವಿಲ್ಲ. ಹೆಚ್ಚಿನ ಕೇಂದ್ರಗಳು ಎ2 ಅಥವಾ ಬಿ1, ಅಂದರೆ ದಿನನಿತ್ಯದ ಮಾತಿಗೆ ಸಾಲುವ ಮಟ್ಟದ ಜರ್ಮನ್ ಭಾಷೆ ಕೇಳುತ್ತವೆ. ಕೇಳದಿದ್ದರೂ ನೀವು ಬಿ1 ಮುಗಿಸಿಯೇ ಹೋಗಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪರೀಕ್ಷೆ ಬರೆಯಬಹುದು, ವೀಸಾ ನೋಡುವ ಜರ್ಮನ್ ಕಾನ್ಸುಲೇಟ್ ಕೂಡ ಬೆಂಗಳೂರಿನಲ್ಲೇ ಇದೆ.

ಹಾಗಾದರೆ ಎರಡೂವರೆ ಲಕ್ಷ ಯಾತಕ್ಕೆ? ಭಾಷಾ ತರಗತಿ, ಪರೀಕ್ಷೆ, ವೀಸಾ, ವಿಮಾನದ ಟಿಕೆಟ್ ಇವೆಲ್ಲ ಖರ್ಚಿನ ಬಾಬತ್ತೇ. ಆದರೆ ಒಂದೊಂದಕ್ಕೂ ರಸೀದಿ ಸಿಗುತ್ತದೆ, ನೀವೇ ಕಟ್ಟಬಹುದು. ಹೊರದೇಶಕ್ಕೆ ಉದ್ಯೋಗಕ್ಕೆ ಕಳಿಸುವ ನೋಂದಾಯಿತ ಏಜೆಂಟರು ಕೂಡ ತಮ್ಮ ಸೇವೆಗೆ ಪಡೆಯಬಹುದಾದದ್ದು 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಅವರ ನೋಂದಣಿಯನ್ನು ಭಾರತ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಈ ಏಜೆಂಟರನ್ನು ಒಂದೇ ಪ್ರಶ್ನೆ ಕೇಳಿ: ಯಾವ ಕೇಂದ್ರ, ಯಾವ ಊರು? "ಅದು ಆಮೇಲೆ ಗೊತ್ತಾಗುತ್ತೆ, ಮೊದಲು ಮುಂಗಡ ಕಟ್ಟಿ" ಅಂದರೆ ಅಲ್ಲಿಗೇ ಕೈಮುಗಿದು ಬನ್ನಿ. ಹೆಸರು ಹೇಳಿದರೆ ಆ ಕೇಂದ್ರಕ್ಕೆ ನೀವೇ ಮಿಂಚಂಚೆ ಬರೆಯಿರಿ, ವಿಡಿಯೋ ಕರೆಯಲ್ಲಿ ಮಾತಾಡಿ. ಅಪ್ಪಯ್ಯನ ಅಡಕೆ ದುಡ್ಡಿನ ಹಿಂದೆ ಎಷ್ಟು ಸಲ ಮದ್ದು ಹೊಡೆದ ಲೆಕ್ಕ, ಎಷ್ಟು ಕೊಳೆರೋಗದ ವರ್ಷಗಳಿವೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು ಮಾತನ್ನೂ ಏಜೆಂಟರು ಹೇಳಿರಬಹುದು: ಒಂದು ವರ್ಷ ಇದನ್ನು ಮಾಡಿದರೆ ಆಮೇಲೆ ಅಲ್ಲೇ ನರ್ಸಿಂಗ್ ತರಬೇತಿ, ಕೆಲಸ, ನೆಲೆ. ಹಾಗೆ ಮುಂದುವರಿದವರು ಇದ್ದಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಅದೊಂದೇ ಕಾರಣಕ್ಕೆ ಹೋಗುವುದಾದರೆ ನೇರವಾಗಿ ನರ್ಸಿಂಗ್ ದಾರಿಯಲ್ಲೇ ಹೋಗಿ. ಬೆಳಗ್ಗೆ ಹಲ್ಲುಜ್ಜಲು ನಿಮ್ಮ ಕೈಯನ್ನು ನಂಬಿ ಬಾಯಿ ತೆರೆಯುವವರಿಗೆ, ನಿಮ್ಮ ಮನಸ್ಸು ಬೇರೆಲ್ಲೋ ಇರುವುದು ತಕ್ಷಣ ತಿಳಿದುಬಿಡುತ್ತದೆ.

ಬ್ರಿಟನ್ ಕಡೆ ಮನಸ್ಸಿದ್ದರೆ ಚಾರಿಟಿ ವರ್ಕರ್ ವೀಸಾ ಎಂಬುದುಂಟು. ಹೆಚ್ಚೆಂದರೆ 12 ತಿಂಗಳು. ಪರವಾನಗಿ ಇರುವ ಸಂಸ್ಥೆ ಪ್ರಾಯೋಜನೆ ಪತ್ರ ಕೊಡಬೇಕು, ಸಂಬಳ ಪಡೆಯುವಂತಿಲ್ಲ, ಕ್ಷಯದ ಪರೀಕ್ಷೆ ಮಾಡಿಸಬೇಕು. ನೇಪಾಳಕ್ಕಾದರೆ ನಮಗೆ ವೀಸಾ ಬೇಕಿಲ್ಲ. ನನ್ನನ್ನು ಕೇಳಿದರೆ ನಿಮ್ಮಂಥವರಿಗೆ ಅದೂ ಒಳ್ಳೆಯ ಪಾಠಶಾಲೆಯೇ. ಜರ್ಮನಿಯ ತಗ್ಗು ಮೆಟ್ಟಿಲಿನ ಬಸ್ಸು, ಸಪಾಟು ಕಾಲುದಾರಿಯಲ್ಲಿ ಕಲಿತದ್ದನ್ನು ಆಗುಂಬೆ ಸೀಮೆಯ ಸಂಕ ದಾಟಿ ಹೋಗುವ ಮನೆಗೆ ತರುವುದು ಕಷ್ಟ. ಗುಡ್ಡಗಾಡಿನವರು ವೀಲ್‌ಚೇರ್ ಹೋಗದ ಕಡೆ ಹೇಗೆ ಬಾಳುತ್ತಾರೆ ಎಂಬುದನ್ನು ಗುಡ್ಡಗಾಡಿನಲ್ಲೇ ಕಲಿಯಬೇಕು. ಎರಡು ವಾರಕ್ಕೆ ದುಡ್ಡು ಕಟ್ಟಿಸಿಕೊಂಡು ಮಕ್ಕಳ ಜೊತೆ ಆಡಿಸಿ ಕಳಿಸುವ ಪ್ಯಾಕೇಜುಗಳನ್ನು ಮಾತ್ರ ಎಲ್ಲೇ ಆಗಲಿ ಮುಟ್ಟಬೇಡಿ. ವಾರಕ್ಕೊಬ್ಬರು ಬಂದು ಮುದ್ದಿಸಿ ಮಾಯವಾದರೆ ಆ ಮಕ್ಕಳ ಮನಸ್ಸು ಏನಾಗಬೇಕು?

ಏನು ಕಲಿತು ಹೋಗಬೇಕು ಎಂದು ಕೇಳಿದ್ದೀರಿ. ತಮ್ಮನನ್ನು ನೋಡಿಕೊಂಡ ಅನುಭವ ದೊಡ್ಡದು, ಆದರೆ ಅದು ಒಂದೇ ದೇಹದ ಅನುಭವ. ಅವನನ್ನು ಕಂಕುಳಲ್ಲಿ ಹಿಡಿದು ಎತ್ತುತ್ತಿದ್ದರೆ ಇವತ್ತೇ ನಿಲ್ಲಿಸಿ, ಭುಜದ ಕೀಲಿಗೆ ಪೆಟ್ಟಾಗುತ್ತದೆ. ವೀಲ್‌ಚೇರಿನಿಂದ ಮಂಚಕ್ಕೆ ಸ್ಥಳಾಂತರಿಸುವಾಗ ಮೊದಲು ಎರಡೂ ಬ್ರೇಕ್ ಹಾಕಬೇಕು, ಕಾಲಿಡುವ ಪಟ್ಟಿ ಸರಿಸಬೇಕು. ನಿಮ್ಮ ಮೈ ಅವರ ಮೈಗೆ ಹತ್ತಿರವಿರಲಿ, ಬಾಗುವುದು ಮಂಡಿಯಲ್ಲಿ, ಬೆನ್ನಲ್ಲಲ್ಲ. "ಒಂದು, ಎರಡು, ಮೂರು" ಎಂದು ಅವರಿಗೂ ಕೇಳುವಂತೆ ಎಣಿಸಿ, ಅವರೂ ಕೈಲಾದಷ್ಟು ಮೇಲೇಳಲಿ. ಭಾರ ಹೆಚ್ಚಿದ್ದರೆ ಒಬ್ಬರೇ ಎತ್ತುವ ಸಾಹಸ ಬೇಡ. ಅಲ್ಲಿ ಎತ್ತುವ ಯಂತ್ರಗಳಿರುತ್ತವೆ, ಬಳಸಲು ಕಲಿಸಿ ಎಂದು ಮೊದಲ ವಾರವೇ ಕೇಳಿ. ಬೆನ್ನು ಹೋದ ಸಹಾಯಕರನ್ನು ನಾನು ಬಹಳ ಕಂಡಿದ್ದೇನೆ, ಅವರಲ್ಲಿ ಹೆಚ್ಚಿನವರು ತಾಯಂದಿರು.

ಊಟ ಮಾಡಿಸುವಾಗ ತಲೆ ಹಿಂದಕ್ಕೆ ವಾಲಿರಬಾರದು. ಗದ್ದ ತುಸು ಕೆಳಗಿರಲಿ, ಚಮಚ ಕೆಳಗಿನಿಂದ ಬರಲಿ, ಒಂದು ತುತ್ತು ನುಂಗಿದ್ದು ಕಂಡ ಮೇಲೆಯೇ ಮುಂದಿನದು. ಮಧ್ಯೆ ದನಿ ಒದ್ದೆಯಾದಂತೆ ಗೊಗ್ಗರಾದರೆ ನಿಲ್ಲಿಸಿ, ಅನ್ನ ನೀರು ಶ್ವಾಸನಾಳದ ಕಡೆ ಹೋಗುತ್ತಿರುವ ಸೂಚನೆ ಅದು. ಊಟವಾದ ಅರ್ಧ ಗಂಟೆ ಮಲಗಿಸಬೇಡಿ. ಚಲನೆ ಇಲ್ಲದವರ ಬಾಲದೆಲುಬು, ಸೊಂಟದ ಪಕ್ಕ, ಹಿಮ್ಮಡಿಯನ್ನು ದಿನವೂ ನೋಡಬೇಕು. ಬೆರಳಿಂದ ಒತ್ತಿದರೂ ಮಾಯವಾಗದ ಕೆಂಪು ಕಂಡರೆ ಅಂದೇ ಹೇಳಬೇಕು, ಅದು ಒತ್ತುಹುಣ್ಣಿನ ಮೊದಲ ಗುರುತು. ನಮ್ಮಲ್ಲಿ ಕೊನೆ ಇಳಿಸಲು ಹತ್ತಿ ಅಡಕೆ ಮರದಿಂದ ಬಿದ್ದು ಬೆನ್ನುಹುರಿ ಹೋದ ಕೊನೆಗೌಡರ ಮನೆಗಳಿಗೆ ಹೋದಾಗ, ಬಿದ್ದ ಪೆಟ್ಟಿಗಿಂತ ಆ ಹುಣ್ಣಿನಿಂದ ನರಳಿದವರನ್ನೇ ಹೆಚ್ಚು ನೋಡಿದ್ದೇನೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಯಾರೂ ಅವರ ಹೆಂಡಿರಿಗೆ ತಿಳಿಯುವಂತೆ ಹೇಳಿರಲಿಲ್ಲ.

ಫಿಟ್ಸ್ ಬಂದಾಗ ನಮ್ಮ ಕಡೆ ಕೈಗೆ ಕಬ್ಬಿಣದ ಬೀಗದ ಕೈ ಕೊಡುತ್ತಾರೆ, ಹಲ್ಲಿನ ನಡುವೆ ಚಮಚ ತುರುಕುತ್ತಾರೆ. ಎರಡೂ ಬೇಡ. ಪಕ್ಕಕ್ಕೆ ಹೊರಳಿಸಿ, ತಲೆಯ ಅಡಿಗೆ ಮೆತ್ತಗಿನದೇನಾದರೂ ಕೊಟ್ಟು, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಅಲ್ಲಿ 112ಕ್ಕೆ, ಇಲ್ಲಿ 108ಕ್ಕೆ ಕರೆ ಮಾಡಿ. ಕಿವುಡರ ಜೊತೆ ಕೆಲಸವಿದ್ದರೆ ಜರ್ಮನ್ ಸಂಜ್ಞಾ ಭಾಷೆ ನಮ್ಮ ಭಾರತೀಯ ಸಂಜ್ಞಾ ಭಾಷೆಗಿಂತ ಬೇರೆಯೇ, ಅಲ್ಲಿಗೆ ಹೋಗಿಯೇ ಕಲಿಯಬೇಕು. ಚಳಿ, ಊಟದ ಬಗ್ಗೆ ನಿಮಗೆ ಯಾರಾದರೂ ಹೆದರಿಸಿರಬಹುದು. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲಾಗುತ್ತದೆ ನಿಜ, ಆದರೆ ಆಷಾಢದಲ್ಲಿ ವಾರಗಟ್ಟಲೆ ಸೂರ್ಯನನ್ನು ಕಾಣದೆ ಜಗುಲಿಯಲ್ಲಿ ಕೂತು ಬೆಳೆದವರಿಗೆ ಅದು ಹೊಸದಲ್ಲ.

ಕಾಗದಗಳಲ್ಲಿ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕಾಗುತ್ತದೆ. ದಡಾರದ ಲಸಿಕೆ ಹಾಕಿಸಿಕೊಂಡ ದಾಖಲೆ ಮಕ್ಕಳ ಮತ್ತು ವೈದ್ಯಕೀಯ ಸಂಸ್ಥೆಗಳಲ್ಲಿ 2020ರಿಂದ ಕಡ್ಡಾಯ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸು, ಮುಗಿಯಲು ಆರು ತಿಂಗಳು ಬೇಕು, ಇಂದೇ ಶುರು ಮಾಡಿ. ಒಪ್ಪಂದದಲ್ಲಿ ಮೂರು ಸಂಗತಿ ಸ್ಪಷ್ಟವಾಗಿರಲಿ. ವಾರಕ್ಕೆ ಎಷ್ಟು ಗಂಟೆ ಕೆಲಸ, ರಾತ್ರಿ ಪಾಳಿಯಲ್ಲಿ ನಿಮ್ಮೊಬ್ಬರ ಮೇಲೆಯೇ ಹೊಣೆ ಬೀಳುತ್ತದೆಯೇ, ಗಂಡಸರ ಸ್ನಾನ ಶೌಚದ ಕೆಲಸ ಬೇಡವೆಂದರೆ ಒಪ್ಪುತ್ತಾರೆಯೇ. ಜರ್ಮನ್ ಕಾನೂನಿನಂತೆ ಸ್ವಯಂಸೇವಕರನ್ನು ಸಂಬಳದ ನೌಕರರ ಬದಲಿಗೆ ದುಡಿಸಿಕೊಳ್ಳುವಂತಿಲ್ಲ. ಇದು ನಿಮಗೂ ಗೊತ್ತಿದೆ ಎಂದು ಅವರಿಗೆ ಗೊತ್ತಾಗಲಿ.

ಭಾಷೆ ಕಲಿಯಲು ಬೇಕಾಗುವ ಏಳೆಂಟು ತಿಂಗಳಲ್ಲಿ ಮೂರು ತಿಂಗಳನ್ನು ಇಲ್ಲೇ ಕೊಡಿ. ನಿಮ್ಮ ತಾಲ್ಲೂಕು ಪಂಚಾಯಿತಿಯಲ್ಲಿ ಎಂ.ಆರ್.ಡಬ್ಲ್ಯೂ. ಇರುತ್ತಾರೆ, ಗ್ರಾಮ ಪಂಚಾಯಿತಿಗಳಲ್ಲಿ ವಿ.ಆರ್.ಡಬ್ಲ್ಯೂ.ಗಳಿರುತ್ತಾರೆ. ಈ ಪುನರ್ವಸತಿ ಕಾರ್ಯಕರ್ತರಲ್ಲಿ ಬಹುಪಾಲು ಜನ ತಾವೇ ವಿಕಲಚೇತನರು. ಅವರ ಹಿಂದೆ ಮನೆಮನೆಗೆ ಹೋಗಿ, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿಯ ಅರ್ಜಿ ತುಂಬಲು ಕೂತು ನೆರವಾಗಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಪರೀಕ್ಷೆಗೆ ಬರುವವರ ಜೊತೆ ಬಸ್ಸು ಹತ್ತಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಪುಸ್ತಕದಲ್ಲಿ ಓದಿದ ಆ ಪಟ್ಟಿ ನಿಮ್ಮ ಕಣ್ಣೆದುರು ಮನುಷ್ಯರಾಗಿ ನಿಲ್ಲುವುದು ಆಗ.

ಸಾಧ್ಯವಾದರೆ ಸಾಗರ ತಾಲ್ಲೂಕಿನ ಹಂದಿಗೋಡು ಕಡೆಗೂ ಹೋಗಿ ಬನ್ನಿ. 1974-75ರ ಹೊತ್ತಿಗೆ ಅಲ್ಲಿ ಮೊದಲು ಗುರುತಿಸಿದ ಕೀಲು ಮೂಳೆಗಳ ಕಾಯಿಲೆ ವಂಶದಲ್ಲಿ ಹರಿದುಬರುವಂಥದ್ದು. ಸೊಂಟದ ಕೀಲು ಸವೆದು ನಡೆಯಲಾಗದಂತೆ ಮಾಡುತ್ತದೆ, ಕೆಲವರ ಎತ್ತರವನ್ನೂ ಕುಗ್ಗಿಸುತ್ತದೆ. ಬಡ ದಲಿತ ಕುಟುಂಬಗಳಲ್ಲೇ ಹೆಚ್ಚು. ವಿಜ್ಞಾನಿಗಳ ತಂಡಗಳು ಬಂದವು, ರಕ್ತದ ಮಾದರಿ ತೆಗೆದವು, ಎಕ್ಸ್‌ರೇ ತೆಗೆದವು. ವರ್ಷಗಳ ಹಿಂದೆ ಆ ಕಡೆಯ ಒಬ್ಬ ಅಜ್ಜಿಯ ಕಾಲಿಗೆ ವ್ಯಾಯಾಮ ತೋರಿಸಲು ಹೋಗಿದ್ದೆ. ಚೀಲದಿಂದ ಕ್ಯಾಮೆರಾ ತೆಗೆದದ್ದೇ ತಡ, ಆಕೆ ಕೇಳದೆಯೇ ಗೋಡೆಗೆ ಒರಗಿ, ಸೀರೆ ಮಂಡಿಯವರೆಗೆ ಎತ್ತಿ ನಿಂತರು. "ಎಷ್ಟೋ ಜನ ಹಿಡ್ಕಂಡು ಹೋದ್ರವ್ವ ಫೋಟೋನ. ನಾನಂತೂ ಒಂದನ್ನೂ ನೋಡ್ಲಿಲ್ಲ" ಅಂದರು. ಕ್ಯಾಮೆರಾ ಒಳಗಿಟ್ಟೆ, ಅಂದಿನಿಂದ ಅದನ್ನು ಯಾರ ಮನೆಗೂ ಒಯ್ದಿಲ್ಲ. ನೀವು ಜರ್ಮನಿಗೆ ಹೋದ ಮೊದಲ ದಿನವೇ ಅಲ್ಲಿನವರ ಜೊತೆ ಸೆಲ್ಫಿ ತೆಗೆದು ಸ್ಟೇಟಸ್‌ಗೆ ಹಾಕುವ ಆಸೆ ಬರುತ್ತದೆ, ಊರಿಗೆ ತೋರಿಸಬೇಕಲ್ಲ. ಹಾಕಬೇಡಿ. ಅಲ್ಲಿ ಒಪ್ಪಿಗೆ ಇಲ್ಲದೆ ಫೋಟೋ ಹಂಚುವುದಕ್ಕೆ ಕಾನೂನೂ ಅಡ್ಡ ಬರುತ್ತದೆ, ಆದರೆ ಆ ಅಜ್ಜಿಯ ಮಾತು ಕಾನೂನಿಗಿಂತ ಮೊದಲು ನಿಮ್ಮ ನೆನಪಿಗೆ ಬರಲಿ.

ಕಡೆಗೆ ಅಮ್ಮನ ಪ್ರಶ್ನೆ. ಉತ್ತರ ಹೊಳೆಯಲಿಲ್ಲ ಎಂದು ಪ್ರಾಮಾಣಿಕವಾಗಿ ಬರೆದಿದ್ದೀರಿ. ಅಮ್ಮ ಕೇಳುತ್ತಿರುವುದು ಜರ್ಮನಿಯ ಬಗ್ಗೆ ಅಲ್ಲ ಅನಿಸುತ್ತದೆ. ನೀನು ಹೋದರೆ ನಾನೊಬ್ಬಳೇ ಅವನನ್ನು ಹೇಗೆ ಎತ್ತಲಿ ಎಂದು ಕೇಳುತ್ತಿದ್ದಾರೆ. ಅದಕ್ಕೆ ಆದರ್ಶದ ಮಾತಿನಲ್ಲಿ ಉತ್ತರವಿಲ್ಲ, ಏರ್ಪಾಡಿನಲ್ಲಿ ಇದೆ. ಬಚ್ಚಲಿಗೆ ಹಿಡಿಕಂಬಿ, ಕೂತು ಮೀಯಲು ಪ್ಲಾಸ್ಟಿಕ್ ಕುರ್ಚಿ, ಜಗುಲಿಯಿಂದ ಅಂಗಳಕ್ಕೆ ಇಳಿಜಾರು ಹಲಗೆ, ಬೆಳಗ್ಗೆ ಒಂದು ಗಂಟೆ ಬಂದು ಹೋಗುವ ಒಬ್ಬ ಗಂಡಾಳು. ಏಜೆಂಟರಿಗೆ ಕೊಡಬೇಕೆಂದಿದ್ದ ದುಡ್ಡಿನ ಒಂದು ಪಾಲು ಇದಕ್ಕೆ ಸಾಕು. ತಮ್ಮನಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಇದೆಯೇ ನೋಡಿ. ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ, ಸೆರೆಬ್ರಲ್ ಪಾಲ್ಸಿ ಅದರಡಿ ಬರುತ್ತದೆ.

ಅವನಿಗೆ ಮುಂದಿನ ವರ್ಷ 18 ತುಂಬುತ್ತದೆ ಎಂಬುದನ್ನೂ ಮರೆಯಬೇಡಿ. ಆಮೇಲೆ ಅಪ್ಪ ಅಮ್ಮ ತಾನಾಗಿ ಅವನ ಕಾನೂನು ಪಾಲಕರಾಗಿ ಉಳಿಯುವುದಿಲ್ಲ. ಅವನು ತನ್ನ ಬ್ಯಾಂಕು, ಸಹಿ, ನಿರ್ಧಾರಗಳನ್ನು ತಾನೇ ನೋಡಿಕೊಳ್ಳಬಲ್ಲನಾದರೆ ಪಾಲಕರು ಬೇಕಾಗಿಯೂ ಇಲ್ಲ. ಮಾತು ತೊದಲಿದ ಮಾತ್ರಕ್ಕೆ ಬುದ್ಧಿ ತೊದಲುವುದಿಲ್ಲ, ಸೆರೆಬ್ರಲ್ ಪಾಲ್ಸಿಯಲ್ಲಿ ಈ ತಪ್ಪನ್ನು ಮನೆಯವರೇ ಹೆಚ್ಚು ಮಾಡುತ್ತಾರೆ. ನಿಜವಾಗಿ ಬೇಕೇ ಬೇಕಾದರೆ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯಲ್ಲಿರುವ, ಅದೇ ನ್ಯಾಷನಲ್ ಟ್ರಸ್ಟಿನ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಈ ಮಾತುಕತೆ ಮನೆಯಲ್ಲಿ ನೀವು ಹೊರಡುವ ಮೊದಲೇ ನಡೆಯಲಿ, ಮತ್ತು ಅವನು ಆ ಮಾತುಕತೆಯಲ್ಲಿ ಕೂತಿರಲಿ.

ನಿಮ್ಮ ಪತ್ರದಲ್ಲಿ ಅಪ್ಪಯ್ಯನ ಮಾತಿದೆ, ಅಮ್ಮನ ಮಾತಿದೆ, ಏಜೆಂಟರ ಮಾತೂ ಇದೆ. ತಮ್ಮ ಏನಂದ ಎಂಬುದು ಎಲ್ಲೂ ಇಲ್ಲ. ಅಕ್ಕ ಒಂದು ವರ್ಷ ದೂರ ಹೋಗುತ್ತಾಳೆ ಎಂದರೆ ಅವನ ದಿನಚರಿಯೇ ಬದಲಾಗುತ್ತದೆ, ಅವನನ್ನು ಕೇಳಿ. ಅವನು ಬೇಡ ಅನ್ನಬಹುದು, ಅಳಬಹುದು, ಸುಮ್ಮನೆ ನಗಬಹುದು. ಉತ್ತರಕ್ಕೆ ಅವನಿಗೆ ಬೇಕಾದಷ್ಟು ಹೊತ್ತು ಕೊಡಿ, ಅರ್ಧದಲ್ಲಿ ವಾಕ್ಯವನ್ನು ನೀವು ಪೂರ್ತಿ ಮಾಡಬೇಡಿ. ಬಿ1 ಮುಗಿದು ಕೇಂದ್ರವೊಂದರಿಂದ ಒಪ್ಪಂದದ ಕರಡು ಬಂದಾಗ ನನಗೆ ಕಳಿಸಿ, ಸಾಲು ಸಾಲು ಓದಿ ಹೇಳುತ್ತೇನೆ. ಜೊತೆಗೆ ತಮ್ಮ ಏನು ಹೇಳಿದ ಎಂಬುದನ್ನೂ ಬರೆಯಿರಿ.